ಮುಂದೇನು ಎಂದು ತೋಚದಾಗ: ಕ್ರೈಸ್ತ ವಿಶ್ವಾಸದಲ್ಲಿ ದೇವರ ದಾರಿ ಹುಡುಕುವ ಬಗೆ

ಇದ್ದ ಕೆಲಸ ಹೋಗಿರುತ್ತದೆ. ಮನೆಯಲ್ಲಿ ಒಬ್ಬರ ಕಾಯಿಲೆಗೆ ಹೆಸರು ಸಿಕ್ಕಿರುತ್ತದೆ, ಗುಣವಾಗುವುದೋ ಇಲ್ಲವೋ ಗೊತ್ತಿರುವುದಿಲ್ಲ. ಮದುವೆಯ ಮಾತುಕತೆ ಅರ್ಧಕ್ಕೆ ನಿಂತಿರುತ್ತದೆ. ಇಂಥ ಹೊತ್ತಿನಲ್ಲಿ ವಿಶ್ವಾಸಿಗಳ ಬಾಯಲ್ಲಿ ಮೊದಲು ಬರುವ ಪ್ರಶ್ನೆ: "ಇದರಲ್ಲಿ ದೇವರ ಚಿತ್ತ ಏನು?" ವರ್ಷಗಟ್ಟಲೆ ಚರ್ಚಿನ ಮೆಟ್ಟಿಲು ಹತ್ತದವರೂ ಆಗ ಇದನ್ನೇ ಕೇಳುತ್ತಾರೆ. ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಪ್ರಾರ್ಥನೆ ಮಾಡಿ."

ಉತ್ತರ ತಪ್ಪಲ್ಲ, ಆದರೆ ಸಾಲದು. ಏನೆಂದು ಪ್ರಾರ್ಥಿಸಬೇಕು? ಎಷ್ಟು ದಿನ? ಮನಸ್ಸಿಗೆ ಏನಾದರೂ ಹೊಳೆದರೆ ಅದು ದೇವರಿಂದ ಬಂದದ್ದೋ, ತನ್ನದೇ ಭಯ ಅಥವಾ ಆಸೆ ಮಾತಾಡುತ್ತಿದೆಯೋ, ಗುರುತಿಸುವುದು ಹೇಗೆ? ಈ ಗುರುತಿಸುವ ಕೆಲಸಕ್ಕೆ ಕ್ರೈಸ್ತ ಪರಂಪರೆಯಲ್ಲಿ ವಿವೇಚನೆ ಎಂದು ಹೆಸರು. ಅದು ಕೆಲವರಿಗೆ ಮಾತ್ರ ಒಲಿಯುವ ವರ ಎಂದು ತಿಳಿದವರು ಬಹಳ. ಹಾಗಿಲ್ಲ. ಅದಕ್ಕೆ ಹಂತಗಳಿವೆ, ನಿಯಮಗಳಿವೆ, ಎಲ್ಲೆಲ್ಲಿ ಎಡವುತ್ತೇವೆ ಎಂಬ ತಿಳಿವಳಿಕೆಯೂ ಶತಮಾನಗಳಿಂದ ಕೂಡಿಬಂದಿದೆ. ಅದನ್ನು ಬುಡದಿಂದ ನೋಡೋಣ.

## 'ದೇವರ ಚಿತ್ತ' ಎಂದರೆ ಏನು?

ಈ ಎರಡು ಪದಗಳಲ್ಲಿ ಬೇರೆಬೇರೆ ಸಂಗತಿಗಳು ಕಲಸಿಹೋಗಿವೆ. ಮೊದಲು ಅವನ್ನು ಬಿಡಿಸಿಕೊಳ್ಳಬೇಕು.

ಒಂದು, ಎಲ್ಲರಿಗೂ ಎಲ್ಲ ಕಾಲಕ್ಕೂ ಅನ್ವಯಿಸುವ ಚಿತ್ತ. ಇದನ್ನು ಹುಡುಕಬೇಕಾಗಿಲ್ಲ, ಬರೆದೇ ಇದೆ. ನ್ಯಾಯವಾಗಿ ನಡೆಯುವುದು, ಕರುಣೆಯನ್ನು ಪ್ರೀತಿಸುವುದು, ದೇವರ ಮುಂದೆ ದೀನತೆಯಿಂದ ಬಾಳುವುದು ಎಂದು ಪ್ರವಾದಿ ಮೀಕ (6:8) ಹೇಳುತ್ತಾನೆ. ಥೆಸಲೊನೀಕ ಊರಿನ ಸಭೆಗೆ ಬರೆದ ಮೊದಲ ಪತ್ರದಲ್ಲಿ ಆದಿಸಭೆಯ ಬೋಧಕ ಪೌಲನು 'ಇದೇ ದೇವರ ಚಿತ್ತ' ಎಂದು ನೇರವಾಗಿ ಹೇಳುವುದು ಪರಿಶುದ್ಧ ಜೀವನದ ಬಗ್ಗೆ (4:3) ಮತ್ತು ಎಲ್ಲ ಸಂದರ್ಭದಲ್ಲೂ ಕೃತಜ್ಞರಾಗಿರುವುದರ ಬಗ್ಗೆ (5:18). ಸುಳ್ಳು ಲೆಕ್ಕ ಬರೆಯಬೇಕಾದ ಕೆಲಸಕ್ಕೆ ಸೇರಲೇ ಎಂದು ಯಾರೂ 40 ದಿನ ಉಪವಾಸ ಮಾಡಿ ಕೇಳಬೇಕಾಗಿಲ್ಲ.

ಎರಡು, ನನಗೆ, ಈಗ, ಈ ಸಂದರ್ಭದಲ್ಲಿ ಏನು ಎಂಬ ವಿಶೇಷ ಚಿತ್ತ. ಎರಡೂ ಒಳ್ಳೆಯವೇ ಆದ ದಾರಿಗಳಲ್ಲಿ ಯಾವುದು ಎಂಬ ಪ್ರಶ್ನೆ. ವಿವೇಚನೆ ಬೇಕಾಗುವುದು ಇಲ್ಲಿ.

ಮೂರನೆಯದನ್ನು ಅನೇಕರು ಮರೆತೇಬಿಡುತ್ತಾರೆ: ದೇವರು ನಮ್ಮ ಆಯ್ಕೆಗೇ ಬಿಟ್ಟ ವಿಷಯಗಳು. ಗಂಡನನ್ನು ಕಳೆದುಕೊಂಡವಳು ಮತ್ತೆ ಮದುವೆಯಾಗಬಹುದೇ ಎಂಬ ಪ್ರಶ್ನೆಗೆ ಪೌಲನ ಉತ್ತರ (1 ಕೊರಿಂಥ 7:39) ಗಮನಿಸಿ. ಆಕೆ ತನಗೆ ಬೇಕಾದವನನ್ನು ಮದುವೆಯಾಗಲು ಸ್ವತಂತ್ರಳು, ಆ ಸಂಬಂಧ ವಿಶ್ವಾಸದೊಳಗಿರಲಿ, ಅಷ್ಟೇ. 'ನಿನಗಾಗಿ ದೇವರು ಗೊತ್ತುಮಾಡಿದ ಆ ಒಬ್ಬನನ್ನು ಪತ್ತೆಹಚ್ಚು' ಎಂದು ಅವನು ಹೇಳುವುದಿಲ್ಲ. ಪ್ರತಿಯೊಂದಕ್ಕೂ ಒಂದೇ ಒಂದು ಸರಿಯುತ್ತರ ಎಲ್ಲೋ ಅಡಗಿದೆ, ಅದು ತಪ್ಪಿದರೆ ಬದುಕೇ ಹಾಳು ಎಂಬ ಭಯಕ್ಕೆ ಸತ್ಯವೇದದಲ್ಲಿ (ಬೈಬಲಿನಲ್ಲಿ) ಆಧಾರ ಕಡಿಮೆ.

ಇನ್ನೊಂದು ಮಾತು. ದೇವರ ವಾಕ್ಯ ನನ್ನ ಕಾಲಿಗೆ ದೀಪ ಎಂದು 119ನೇ ಕೀರ್ತನೆ ಹಾಡುತ್ತದೆ. ಆ ಕಾಲದ ದೀಪವೆಂದರೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಮಣ್ಣಿನ ಹಣತೆ. ಒಂದಷ್ಟು ಎಣ್ಣೆ, ಒಂದು ಬತ್ತಿ. ಅದರ ಬೆಳಕು ಬೀಳುವುದು ಮುಂದಿನ ಒಂದೆರಡು ಹೆಜ್ಜೆಗೆ. ಊರಾಚೆಯ ತಿರುವು ಅದರಲ್ಲಿ ಕಾಣದು. ಭವಿಷ್ಯ ತಿಳಿಯಬೇಕೆಂದು ಪ್ರಾರ್ಥನೆಗೆ ಕೂತವರು ನಿರಾಶರಾಗುವುದು ಇದಕ್ಕೇ. ಹಣತೆಯ ಕೈಯಲ್ಲಿ ಅವರು ಹಗಲಿನ ಬೆಳಕು ಕೇಳಿರುತ್ತಾರೆ.

## ಮೊದಲು ನಿದ್ದೆ, ಊಟ

ಎಲೀಯನ ಕಥೆ (1 ಅರಸುಗಳು 19) ಇಲ್ಲಿ ಒಳ್ಳೆಯ ಪಾಠ. ಜೀವಭಯದಿಂದ ಅಡವಿಗೆ ಓಡಿಹೋದ ಪ್ರವಾದಿ ಒಂದು ಗಿಡದ ಕೆಳಗೆ ಕೂತು, ಇನ್ನು ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡುತ್ತಾನೆ. ಆಗ ಅವನಿಗೆ ಉಪದೇಶ ಸಿಗುವುದಿಲ್ಲ. ಅವನು ಮಲಗುತ್ತಾನೆ. ದೂತನು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ. ತಿಂದು ಮತ್ತೆ ಮಲಗುತ್ತಾನೆ. ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸಲಾಗುತ್ತದೆ, 'ದಾರಿ ನಿನ್ನ ಶಕ್ತಿಗೆ ಮೀರಿದ್ದು' ಎಂಬ ಕಾರಣಕ್ಕೆ. ಬಿರುಗಾಳಿ, ಭೂಕಂಪ, ಬೆಂಕಿ ದಾಟಿದ ಮೇಲಿನ ದೇವರ ಆ ಮೆಲುದನಿ ಕೇಳಿಸುವುದು ಇದೆಲ್ಲ ಆಗಿ 40 ದಿನಗಳ ನಂತರ.

ಹಾಗಾಗಿ ಮೂರು ರಾತ್ರಿ ಕಣ್ಣು ಮುಚ್ಚದವರು, ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು, ಆಗಷ್ಟೇ ಕೆಟ್ಟ ಸುದ್ದಿ ಕೇಳಿದವರು ಆ ಗಳಿಗೆಯಲ್ಲಿ ದೊಡ್ಡ ತೀರ್ಮಾನಕ್ಕೆ ಕೈಹಾಕದಿರುವುದು ಒಳ್ಳೆಯದು. ತುರ್ತಾಗಿ ಮಾಡಲೇಬೇಕಾದ್ದನ್ನು ಮಾತ್ರ ಮಾಡಿ, ಉಳಿದದ್ದನ್ನು ನಿದ್ದೆಯಾದ ಮೇಲಕ್ಕೆ ಇಡಬೇಕು.

## ಗೋಳನ್ನು ಹೇಳಿಕೊಳ್ಳುವುದೂ ಪ್ರಾರ್ಥನೆಯೇ

ಕೀರ್ತನೆಗಳ ಗ್ರಂಥದಲ್ಲಿ 150 ಕೀರ್ತನೆಗಳಿವೆ. ಅವುಗಳಲ್ಲಿ ಸುಮಾರು ಮೂರನೇ ಒಂದು ಭಾಗ ದೂರು, ಅಳು, ಮೊರೆ. ವಿಶ್ವಾಸ ಇದ್ದವರು ಗೊಣಗಬಾರದು ಎಂದು ಕಲಿತವರಿಗೆ ಇದು ಅಚ್ಚರಿ ಹುಟ್ಟಿಸಬಹುದು.

13ನೇ ಕೀರ್ತನೆ ಆರೇ ವಚನಗಳದ್ದು. ಅದರ ರಚನೆ ಸರಳ. ಮೊದಲ ಎರಡು ವಚನಗಳಲ್ಲಿ 'ಎಷ್ಟರವರೆಗೆ' ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ: ಎಷ್ಟರವರೆಗೆ ನನ್ನನ್ನು ಮರೆಯುತ್ತೀ, ಎಷ್ಟರವರೆಗೆ ಮುಖ ಮರೆಮಾಡುತ್ತೀ. ಇದು ದೂರು. ಮುಂದಿನ ಎರಡು ವಚನ ಬೇಡಿಕೆ: ನನ್ನತ್ತ ನೋಡು, ಉತ್ತರಿಸು, ಕಣ್ಣಿಗೆ ಬೆಳಕು ಕೊಡು. ಕೊನೆಯ ಎರಡು ಭರವಸೆ: ನಾನಂತೂ ನಿನ್ನ ಪ್ರೀತಿಯನ್ನೇ ನಂಬಿದ್ದೇನೆ. ನಾಲ್ಕನೇ ವಚನಕ್ಕೂ ಐದನೆಯದಕ್ಕೂ ನಡುವೆ ಪರಿಸ್ಥಿತಿ ಬದಲಾದ ಸುಳಿವೇ ಇಲ್ಲ. ಶತ್ರು ಅಲ್ಲೇ ಇದ್ದಾನೆ. ಬದಲಾದದ್ದು ಮಾತಾಡುವವನು ನಿಂತ ನೆಲೆ.

ಇದನ್ನೇ ಮಾದರಿಯಾಗಿಟ್ಟುಕೊಂಡು ಸ್ವಂತ ಮೊರೆಯನ್ನು ಬರೆಯಬಹುದು. ಒಂದು ಹಾಳೆ, ಇಪ್ಪತ್ತು ನಿಮಿಷ ಸಾಕು. ದೇವರನ್ನು ನೇರವಾಗಿ ಸಂಬೋಧಿಸಿ ಮೂರರಿಂದ ಐದು ಸಾಲು ದೂರು, ಎರಡು ಸಾಲು ಸ್ಪಷ್ಟ ಬೇಡಿಕೆ, ಒಂದು ಸಾಲು ಭರವಸೆ. ದೂರು ಅಸ್ಪಷ್ಟವಾಗಿರಬಾರದು. 'ಕಷ್ಟದಲ್ಲಿದ್ದೇನೆ' ಎನ್ನುವುದಕ್ಕಿಂತ 'ಮುಂದಿನ ತಿಂಗಳ ಬಾಡಿಗೆಗೆ ದುಡ್ಡಿಲ್ಲ, ಅಣ್ಣನನ್ನು ಕೇಳಲು ನಾಚಿಕೆ' ಎಂದು ಬರೆಯುವುದು ಮೇಲು. ಭರವಸೆಯ ಸಾಲು ಬರದಿದ್ದರೆ ಒತ್ತಾಯದಿಂದ ಬರೆಯಬೇಡಿ. 88ನೇ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಆದರೂ ಅದು ಸತ್ಯವೇದದೊಳಗೇ ಇದೆ.

ವಿವೇಚನೆಗೂ ಗೋಳಿಗೂ ಏನು ಸಂಬಂಧ ಎನ್ನಬಹುದು. ಹೇಳದೆ ನುಂಗಿದ ಸಿಟ್ಟು, ಭಯಗಳು ಮುಂದೆ ದೇವರ ದನಿಯ ವೇಷ ತೊಟ್ಟು ಬರುತ್ತವೆ. ಅವನ್ನು ಮೊದಲೇ ಹಾಳೆಯ ಮೇಲೆ ಇಳಿಸಿದರೆ ಗುರುತು ಸಿಗುತ್ತದೆ.

## ವಾಕ್ಯವನ್ನು ಓದುವ ಕ್ರಮ

ಕಣ್ಣು ಮುಚ್ಚಿ ಪುಸ್ತಕ ತೆರೆದು, ಬೆರಳಿಟ್ಟ ವಚನವೇ ಉತ್ತರ ಎಂದುಕೊಳ್ಳುವ ಪದ್ಧತಿ ಬಹಳ ಹಳೆಯದು, ಬಹಳ ಅಪಾಯದ್ದೂ ಹೌದು. ಬೇಕಾದದ್ದು ಬರುವವರೆಗೂ ಮತ್ತೆ ಮತ್ತೆ ತೆರೆಯುವ ಮನಸ್ಸು ಎಲ್ಲರಿಗೂ ಇರುತ್ತದೆ.

ಸಂದರ್ಭ ಬಿಟ್ಟು ವಚನ ಕಿತ್ತುಕೊಳ್ಳುವುದೂ ಇದರ ಇನ್ನೊಂದು ರೂಪ. ಯೆರೆಮೀಯ 29:11 ಗೋಡೆಯ ಫಲಕಗಳ ಮೇಲೆ, ಶುಭಾಶಯ ಪತ್ರಗಳಲ್ಲಿ ಎಲ್ಲೆಲ್ಲೂ ಕಾಣುತ್ತದೆ: ನಿಮ್ಮ ವಿಷಯದಲ್ಲಿ ನನಗಿರುವುದು ಕೇಡಿನ ಯೋಜನೆಯಲ್ಲ, ನಿಮಗೆ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವೆ ಎಂಬ ಭಾವದ ಮಾತು. ಅದು ಬಾಬಿಲೋನಿಗೆ ಸೆರೆಹೋದ ಜನರಿಗೆ ಬರೆದ ಪತ್ರದ ಸಾಲು. ಅದರ ಹಿಂದಿನ ವಚನ, ಹತ್ತನೆಯದು, ಹೇಳುವುದೇನು? 70 ವರ್ಷ ತುಂಬಿದ ಮೇಲೆ ನಿಮ್ಮನ್ನು ಹಿಂದಕ್ಕೆ ಕರೆತರುತ್ತೇನೆ ಎಂದು. ಪತ್ರ ಕೇಳಿಸಿಕೊಂಡ ವಯಸ್ಕರಲ್ಲಿ ಹೆಚ್ಚಿನವರು ಆ ದಿನ ಕಾಣುವಂತಿರಲಿಲ್ಲ. ಅವರಿಗೆ ಸಿಕ್ಕ ಮಾರ್ಗದರ್ಶನ ಐದರಿಂದ ಏಳನೇ ವಚನಗಳಲ್ಲಿದೆ: ಮನೆ ಕಟ್ಟಿ, ತೋಟ ಹಾಕಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆಹಿಡಿದ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ. 'ಬೇಗ ಎಲ್ಲ ಸರಿಹೋಗುತ್ತದೆ' ಎಂಬ ಅರ್ಥ ಆ ಪತ್ರದಲ್ಲಿ ಇಲ್ಲ. ದೀರ್ಘಕಾಲದ ಅನಿಶ್ಚಿತತೆಯಲ್ಲಿ ಬದುಕುವುದು ಹೇಗೆಂಬುದು ಇದೆ. ನನ್ನ ಮಟ್ಟಿಗೆ ಅದು ಫಲಕದ ಮೇಲಿನ ಸಾಲಿಗಿಂತ ದೊಡ್ಡ ಸಮಾಧಾನ.

ಸನ್ಯಾಸಿ ಮಠಗಳಲ್ಲಿ ಬೆಳೆದುಬಂದ ಓದಿನ ಕ್ರಮವೊಂದಿದೆ, ಲೆಕ್ಟಿಯೊ ದಿವಿನಾ ಎಂದು ಲ್ಯಾಟಿನ್ ಹೆಸರು, 'ದೈವಿಕ ಓದು' ಎಂದರ್ಥ. ಅದನ್ನು ನಾಲ್ಕು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದವನು 12ನೇ ಶತಮಾನದ ಕಾರ್ಥೂಸಿಯನ್ ಸನ್ಯಾಸಿ ಎರಡನೇ ಗೀಗೊ. ಓದು, ಮನನ, ಪ್ರಾರ್ಥನೆ, ಮೌನ.

ಮಾರ್ಕ 4:35-41ನ್ನು ತೆಗೆದುಕೊಳ್ಳಿ. ಏಳು ವಚನ. ಇದಕ್ಕಿಂತ ಉದ್ದದ ಭಾಗ ಬೇಡ. ಮೊದಲ ಸಲ ಕಥೆಗಾಗಿ ಓದಿ: ಸಂಜೆ, ದೋಣಿ, ಬಿರುಗಾಳಿ, ಒಳಗೆ ತುಂಬುತ್ತಿರುವ ನೀರು, ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿರುವ ಯೇಸು. ಎರಡನೇ ಸಲ ಗಟ್ಟಿಯಾಗಿ, ನಿಧಾನವಾಗಿ ಓದಿ, ಯಾವ ಪದ ಕಾಲು ಹಿಡಿದು ನಿಲ್ಲಿಸುತ್ತದೋ ಅಲ್ಲೇ ನಿಲ್ಲಿ. ಒಬ್ಬರಿಗೆ ಅದು 'ದಿಂಬು' ಆಗಬಹುದು. ಇದೇ ಘಟನೆಯನ್ನು ಮತ್ತಾಯ, ಲೂಕರೂ ಹೇಳುತ್ತಾರೆ, ದಿಂಬಿನ ಮಾತು ಮಾರ್ಕನಲ್ಲಿ ಮಾತ್ರ ಇದೆ. ಆ ಪದವನ್ನು ಐದು ನಿಮಿಷ ಮನಸ್ಸಿನಲ್ಲಿ ಹೊರಳಿಸಿ. ಇಷ್ಟು ಅಲೆಯಲ್ಲೂ ನಿದ್ದೆ ಹೇಗೆ ಬಂತು? ನನ್ನ ದೋಣಿಯಲ್ಲಿ ಇವನು ಇದ್ದಾನೆಂಬ ನೆನಪು ನನಗಿದೆಯೇ? ಮೂರನೆಯದು ಮಾತು. ಶಿಷ್ಯರು ಆಡಿದ್ದು ಸವಿಮಾತೇನಲ್ಲ, ನಾವು ಮುಳುಗುತ್ತಿರುವುದು ನಿನಗೆ ಲೆಕ್ಕಕ್ಕಿಲ್ಲವೇ ಎಂದು ಅವರು ಕೇಳಿದರು. ನೀವೂ ಹಾಗೆಯೇ ಕೇಳಬಹುದು. ಕೊನೆಗೆ ಮಾತು ನಿಲ್ಲಿಸಿ ಐದು ನಿಮಿಷ ಸುಮ್ಮನಿರಿ. ಒಟ್ಟು 20-25 ನಿಮಿಷ.

ಇಲ್ಲಿ ಸಾಮಾನ್ಯವಾಗಿ ಕೆಡುವುದು ಎರಡು. ಮೊದಲ ದಿನವೇ ತೀರ್ಮಾನಕ್ಕೆ ಉತ್ತರ ಬೇಕೆಂದು ಕೂರುವುದು ಒಂದು. ಆ ಭಾಗ ಮೂಲದಲ್ಲಿ ಏನು ಹೇಳುತ್ತಿದೆ ಎಂಬುದನ್ನೇ ಮರೆತು ಪದಕ್ಕೆ ಮನಬಂದ ಅರ್ಥ ಹಚ್ಚುವುದು ಇನ್ನೊಂದು. ಮೊದಲ ಓದು ಕಥೆಗಾಗಿ ಎನ್ನುವುದು ಅದಕ್ಕೇ.

## ಒಳಗಿನ ಗಾಳಿಯ ದಿಕ್ಕು: ಸಾಂತ್ವನ ಮತ್ತು ಬರಡುತನ

ವಿವೇಚನೆಯ ವಿಷಯದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ನಿಯಮಗಳು ಇಗ್ನೇಷಿಯಸ್ ಲೊಯೋಲಾನವು. 1491ರಲ್ಲಿ ಹುಟ್ಟಿದ ಈ ಬಾಸ್ಕ್ ಯೋಧನ ಕಾಲಿಗೆ 1521ರಲ್ಲಿ ಪಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಬಡಿಯಿತು. ತಿಂಗಳುಗಟ್ಟಲೆ ಮಲಗಿದಲ್ಲೇ ಮಲಗಿದ್ದವನು ಓದಲು ವೀರರ ಸಾಹಸ ಕಥೆಗಳನ್ನು ಕೇಳಿದ. ಮನೆಯಲ್ಲಿ ಇದ್ದದ್ದು ಕ್ರಿಸ್ತನ ಚರಿತ್ರೆ, ಸಂತರ ಚರಿತ್ರೆ. ಹಗಲುಗನಸು ಕಾಣುತ್ತಾ ಒಂದು ಸಂಗತಿ ಅವನ ಗಮನಕ್ಕೆ ಬಂತು. ಒಬ್ಬ ರಾಣಿವಾಸದ ಹೆಣ್ಣನ್ನು ಮೆಚ್ಚಿಸುವ ಕನಸು ಕಾಣುವಾಗ ಖುಷಿ, ಮುಗಿದ ಮೇಲೆ ಒಣಗಿದಂತೆ. ಸಂತರ ಹಾಗೆ ಬದುಕುವ ಕನಸು ಕಾಣುವಾಗಲೂ ಖುಷಿ, ಮುಗಿದ ಮೇಲೂ ಅದು ಉಳಿಯುತ್ತಿತ್ತು. ವ್ಯತ್ಯಾಸ ಗೊತ್ತಾದದ್ದು ಕನಸಿನ ನಡುವೆ ಅಲ್ಲ, ಕನಸು ಮುಗಿದ ಮೇಲೆ. ಅವನ ಇಡೀ ವಿಧಾನ ಈ ಒಂದು ಗಮನಿಕೆಯಿಂದ ಬೆಳೆದದ್ದು. ಅವನ 'ಆಧ್ಯಾತ್ಮಿಕ ಅಭ್ಯಾಸಗಳು' ಪುಸ್ತಕಕ್ಕೆ ಪೋಪರ ಒಪ್ಪಿಗೆ ಸಿಕ್ಕಿದ್ದು 1548ರಲ್ಲಿ.

ಅವನ ಎರಡು ಮುಖ್ಯ ಪದಗಳಿವು. ಸಾಂತ್ವನ ಎಂದರೆ ವಿಶ್ವಾಸ, ನಿರೀಕ್ಷೆ, ಪ್ರೀತಿ ಹೆಚ್ಚುವ ಒಳಸ್ಥಿತಿ. ಕಣ್ಣೀರು ಬರುತ್ತಿದ್ದರೂ ಅದು ಸಾಂತ್ವನವಾಗಿರಬಹುದು. ಬರಡುತನ ಎಂದರೆ ಇದರ ವಿರುದ್ಧ: ಕತ್ತಲೆ, ಕಳವಳ, ಪ್ರಾರ್ಥನೆಯಲ್ಲಿ ಜಡತೆ, ದೇವರಿಂದ ದೂರವಾದ ಭಾವ. ಸಾಂತ್ವನವೆಂದರೆ ಹಾಯೆನಿಸುವುದು, ಬರಡುತನವೆಂದರೆ ಬೇಜಾರು ಎಂದು ತಿಳಿಯುವುದು ದೊಡ್ಡ ತಪ್ಪು. ಕಾಯಿಲೆಯ ತಾಯಿಯ ಹಾಸಿಗೆ ಪಕ್ಕ ಕೂತವಳಿಗೆ ಮೈಯೆಲ್ಲ ದಣಿದಿದ್ದರೂ ಒಳಗೆ ಪ್ರೀತಿ ಗಟ್ಟಿಯಾಗುತ್ತಿರಬಹುದು. ಜವಾಬ್ದಾರಿ ಕೊಡವಿಕೊಂಡವನಿಗೆ ಹಾಯೆನಿಸುತ್ತಲೇ ಒಳಗೆ ಏನೋ ಮುದುಡುತ್ತಿರಬಹುದು.

ಇಗ್ನೇಷಿಯಸನ ಐದನೇ ನಿಯಮ ಅನಿಶ್ಚಿತ ಕಾಲಕ್ಕೆಂದೇ ಬರೆದಂತಿದೆ: ಬರಡುತನದ ಹೊತ್ತಿನಲ್ಲಿ ಹಿಂದೆ ಮಾಡಿದ ತೀರ್ಮಾನವನ್ನು ಬದಲಿಸಬೇಡ. ಕತ್ತಲಲ್ಲಿ ಹುಟ್ಟಿದ ಸಲಹೆ ಕತ್ತಲಿನ ಕಡೆಗೇ ಎಳೆಯುತ್ತದೆ ಎಂಬುದು ಕಾರಣ. ತೀರ್ಮಾನ ಬದಲಿಸುವ ಬದಲು ಬರಡುತನದ ವಿರುದ್ಧ ಸ್ವಲ್ಪ ಈಜಬೇಕು. ಒಂದು ತಾಸು ಪ್ರಾರ್ಥನೆಗೆ ಕೂತಿದ್ದರೆ, ಎದ್ದುಹೋಗೋಣ ಎನಿಸಿದಾಗ ತಾಸಿನ ಮೇಲೆ ಇನ್ನೂ ಸ್ವಲ್ಪ ಹೊತ್ತು ಕೂರು ಎನ್ನುತ್ತಾನೆ. ಹಾಗೆಯೇ ಸಾಂತ್ವನದ ಉಬ್ಬರದಲ್ಲಿ ಇದ್ದಾಗ ಮುಂದೆ ಬರಲಿರುವ ಒಣದಿನಗಳನ್ನು ನೆನೆದು ಶಕ್ತಿ ಕೂಡಿಟ್ಟುಕೊಳ್ಳಬೇಕು.

ಬರಡುತನ ಯಾಕೆ ಬರುತ್ತದೆ? ಅವನು ಮೂರು ಕಾರಣ ಕೊಡುತ್ತಾನೆ. ನಮ್ಮದೇ ಅಸಡ್ಡೆ. ಪ್ರತಿಫಲವಿಲ್ಲದೆ ಎಷ್ಟು ದೂರ ನಡೆಯುತ್ತೇವೆ ಎಂಬ ಪರೀಕ್ಷೆ. ಸಾಂತ್ವನವು ನಮ್ಮ ಸಂಪಾದನೆಯಲ್ಲ, ಕೃಪೆ ಎಂದು ತಿಳಿಯಲಿ ಎಂಬುದು ಮೂರನೆಯದು. ಮೂರರಲ್ಲಿ ಒಂದು ಮಾತ್ರ ನಮ್ಮ ತಪ್ಪು. ಪ್ರಾರ್ಥನೆ ಒಣಗಿದ ಕೂಡಲೇ 'ನಾನೇನೋ ಪಾಪ ಮಾಡಿದೆ' ಎಂದು ತಮ್ಮನ್ನೇ ಜಜ್ಜಿಕೊಳ್ಳುವವರು ಇದನ್ನು ನೆನಪಿಡಬೇಕು.

ಇನ್ನೊಂದು ಸೂಕ್ಷ್ಮವಿದೆ. ಒಳ್ಳೆಯ ದಾರಿಯಲ್ಲಿ ನಡೆಯುತ್ತಿರುವವರಿಗೆ ಒಳ್ಳೆಯ ಪ್ರೇರಣೆ ಬರುವುದು ಸ್ಪಂಜಿನೊಳಗೆ ನೀರಿನ ಹನಿ ಇಳಿದಂತೆ, ಸದ್ದಿಲ್ಲದೆ. ಕೆಟ್ಟದ್ದು ಬರುವುದು ಹನಿ ಕಲ್ಲಿನ ಮೇಲೆ ಬಿದ್ದಂತೆ, ಸದ್ದು ಮಾಡಿ, ಚದುರಿಸಿ. 'ಈಗಲೇ, ಇವತ್ತೇ, ಯಾರಿಗೂ ಹೇಳದೆ' ಎಂದು ಅವಸರಪಡಿಸುವ ಪ್ರೇರಣೆಯನ್ನು ಅನುಮಾನದಿಂದ ನೋಡುವುದಕ್ಕೆ ಈ ಹೋಲಿಕೆ ನೆರವಾಗುತ್ತದೆ.

ಈ ಒಳಗಾಳಿಯ ದಿಕ್ಕನ್ನು ತಿಳಿಯಲು ದಿನಕ್ಕೆ ಹತ್ತು ಹದಿನೈದು ನಿಮಿಷದ ಒಂದು ಅಭ್ಯಾಸವಿದೆ, ಆತ್ಮಪರಿಶೀಲನೆ. ರಾತ್ರಿ ಮಲಗುವ ಮುನ್ನ: ದಿನಕ್ಕಾಗಿ ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ಬೆಳಗಿನಿಂದ ರಾತ್ರಿಯವರೆಗೆ ಗಂಟೆಗಂಟೆಯಾಗಿ ಹಿನ್ನೋಟ, ತಪ್ಪಿದ್ದಕ್ಕೆ ಕ್ಷಮೆ, ನಾಳೆಗೊಂದು ಸಂಕಲ್ಪ. ಹಿನ್ನೋಟದಲ್ಲಿ ಕೇಳಬೇಕಾದ್ದು ಎರಡು: ಎಲ್ಲಿ ಜೀವ ಬಂತು, ಎಲ್ಲಿ ಜೀವ ಹೋಯಿತು? ಒಂದು ವಾಕ್ಯದಲ್ಲಿ ಬರೆದಿಡಿ. ಒಂದು ದಿನದ ಸಾಲು ಏನನ್ನೂ ಹೇಳುವುದಿಲ್ಲ. ಮೂರು ನಾಲ್ಕು ವಾರಗಳ ಸಾಲುಗಳನ್ನು ಒಟ್ಟಿಗೆ ಓದಿದಾಗ ಒಂದೇ ಸಂಗತಿ ಮತ್ತೆ ಮತ್ತೆ ತಲೆಯೆತ್ತುವುದು ಕಾಣುತ್ತದೆ.

## ತೀರ್ಮಾನ ಮಾಡುವ ಹಂತಗಳು

ಒಂದು ಉದಾಹರಣೆ ಇಟ್ಟುಕೊಳ್ಳೋಣ. ದೂರದ ಊರಿನಲ್ಲಿ ಕೆಲಸದಲ್ಲಿರುವ ಮಗಳು, ಒಂಟಿಯಾಗಿರುವ ವಯಸ್ಸಾದ ತಾಯಿ. ಕೆಲಸ ಬಿಟ್ಟು ಹೋಗಿ ನೋಡಿಕೊಳ್ಳಲೇ?

ಮೊದಲು ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ಕೆಟ್ಟದ್ದು ಆಯ್ಕೆಯ ಪಟ್ಟಿಯಲ್ಲೇ ಇರಬಾರದು. ಆಗಲೇ ಕೊಟ್ಟ ಮಾತನ್ನು, ಉದಾಹರಣೆಗೆ ಮದುವೆಯನ್ನು, ಇಲ್ಲಿ ಮರುಪ್ರಶ್ನೆಗೆ ಎಳೆಯುವಂತಿಲ್ಲ ಎಂದೂ ಇಗ್ನೇಷಿಯಸ್ ಎಚ್ಚರಿಸುತ್ತಾನೆ. ಬಳಿಕ ಮನಸ್ಸನ್ನು ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲಿಸಬೇಕು. ಇದೇ ಕಷ್ಟದ ಭಾಗ. ತೀರ್ಮಾನ ಒಳಗೇ ಆಗಿಹೋಗಿದ್ದು, ದೇವರ ಸಹಿಯೊಂದೇ ಬಾಕಿ ಎಂಬಂತಿದ್ದರೆ ಮುಂದಿನ ಹಂತಗಳೆಲ್ಲ ವ್ಯರ್ಥ. ಮುಳ್ಳು ಒಂದು ಕಡೆಗೆ ವಾಲಿದ್ದರೆ ಅದನ್ನು ಪ್ರಾಮಾಣಿಕವಾಗಿ ಹೇಳಿ, ಬಿಡುಗಡೆಗಾಗಿಯೇ ಮೊದಲು ಕೆಲವು ದಿನ ಪ್ರಾರ್ಥಿಸಬೇಕು.

ಆಮೇಲೆ ಹಾಳೆಯಲ್ಲಿ ನಾಲ್ಕು ಅಂಕಣ: ಹೋದರೆ ಒಳಿತು, ಹೋದರೆ ಕೆಡುಕು, ಹೋಗದಿದ್ದರೆ ಒಳಿತು, ಹೋಗದಿದ್ದರೆ ಕೆಡುಕು. ಎರಡು ಅಂಕಣ ಸಾಲದೇ ಎನ್ನಬಹುದು. ಬರೆದು ನೋಡಿದರೆ ಗೊತ್ತಾಗುತ್ತದೆ, 'ಹೋದರೆ ಒಳಿತು' ಎಂಬಲ್ಲಿ ಬಾರದ ಮಾತು 'ಹೋಗದಿದ್ದರೆ ಕೆಡುಕು' ಎಂಬಲ್ಲಿ ಬರುತ್ತದೆ. ಸಾಲುಗಳನ್ನು ಎಣಿಸಬಾರದು, ತೂಗಬೇಕು. ಯಾವ ಸಾಲು ಪ್ರೀತಿಯಿಂದ ಬಂತು, ಯಾವುದು 'ಜನ ಏನೆಂದಾರು' ಎಂಬುದರಿಂದ ಬಂತು ಎಂದು ಗುರುತು ಹಾಕಬೇಕು. ಎರಡೇ ದಾರಿ ಎಂದುಕೊಂಡದ್ದೇ ತಪ್ಪಿರಬಹುದು. ತಾಯಿಯನ್ನೇ ಕರೆಸಿಕೊಳ್ಳುವುದು, ಆರು ತಿಂಗಳ ರಜೆ, ಒಡಹುಟ್ಟಿದವರ ಜೊತೆ ಹಂಚಿಕೆ, ಇವೂ ಪಟ್ಟಿಗೆ ಬರಲಿ. ತಾಯಿಯನ್ನು ಕೇಳದೆ ತಾಯಿಯ ಬಗ್ಗೆ ವಿವೇಚನೆ ಮಾಡುವುದಂತೂ ಆಗಾಗ ನಡೆಯುವ ಪ್ರಮಾದ.

ಆದರೂ ತೂಕ ಸಮವಾಗಿದ್ದರೆ ಎರಡು ಕಲ್ಪನೆಗಳು ಸಹಾಯಕ್ಕಿವೆ. ಇದೇ ಪರಿಸ್ಥಿತಿಯಲ್ಲಿರುವ, ನನಗೆ ಪರಿಚಯವೇ ಇಲ್ಲದ ಒಬ್ಬರು ಸಲಹೆ ಕೇಳಿದರೆ ಏನು ಹೇಳುತ್ತೇನೆ? ನನ್ನ ಸಾವಿನ ಹಾಸಿಗೆಯಿಂದ ಹಿಂದಿರುಗಿ ನೋಡಿದರೆ ಯಾವುದನ್ನು ಆರಿಸಿದ್ದರೆ ಚೆನ್ನಾಗಿತ್ತು ಎನಿಸುತ್ತದೆ? ಕೊನೆಗೆ ಒಂದನ್ನು ಆರಿಸಿ, ಅದನ್ನು ದೇವರ ಮುಂದಿಟ್ಟು, ಕೆಲವು ದಿನ ಆ ತೀರ್ಮಾನದೊಳಗೆ ಬದುಕಿ ನೋಡಬೇಕು. ರಾಜೀನಾಮೆ ಪತ್ರ ಕಳಿಸುವ ಮುನ್ನ, ಕಳಿಸಿಯಾಗಿದೆ ಎಂಬಂತೆ ಒಂದು ವಾರ.

## ಒಬ್ಬರೇ ಮಾಡುವ ಕೆಲಸವಲ್ಲ

ಅನ್ಯಜನರಿಂದ, ಅಂದರೆ ಯೆಹೂದ್ಯರಲ್ಲದವರಿಂದ, ಬಂದ ವಿಶ್ವಾಸಿಗಳು ಯಾವ ನೇಮ ಪಾಲಿಸಬೇಕೆಂಬ ಜಗಳ ಎದ್ದಾಗ ಯೆರೂಸಲೇಮಿನ ಸಭೆ ಕೂತು ವಾದಿಸಿ, ಅನುಭವ ಕೇಳಿ, ಗ್ರಂಥ ತಿರುವಿ, ಪವಿತ್ರಾತ್ಮನಿಗೂ ನಮಗೂ ಸರಿತೋರಿತು ಎಂದು ಬರೆಯಿತು (ಅಪೊಸ್ತಲರ ಕೃತ್ಯಗಳು 15:28). 'ನಮಗೂ' ಎಂಬ ಆ ಪದ ಮುಖ್ಯ.

ಹಲವು ಸಭೆಗಳಲ್ಲಿ ಆಧ್ಯಾತ್ಮಿಕ ಮಾರ್ಗದರ್ಶಕರು ಇರುತ್ತಾರೆ. ತಿಂಗಳಿಗೊಮ್ಮೆ ಸುಮಾರು ಒಂದು ತಾಸು ಕೂತು ಕೇಳಿಸಿಕೊಳ್ಳುವುದು ಅವರ ಕೆಲಸ. ಒಳ್ಳೆಯ ಮಾರ್ಗದರ್ಶಕರು ಕಡಿಮೆ ಮಾತಾಡುತ್ತಾರೆ, ತೀರ್ಮಾನವನ್ನು ನಿಮ್ಮ ಕೈಯಲ್ಲೇ ಬಿಡುತ್ತಾರೆ.

ಕ್ವೇಕರ್ ಎಂಬ ಕ್ರೈಸ್ತ ಪಂಗಡ 17ನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿತು. ಅವರ ಪದ್ಧತಿಯೊಂದನ್ನು ಯಾರು ಬೇಕಾದರೂ ಅನುಸರಿಸಬಹುದು. ತೊಡಕಿನಲ್ಲಿರುವವರು ಒಂದೆರಡು ಪುಟ ಬರೆದು, ನಂಬಿಕಸ್ತ ಐದಾರು ಜನರಿಗೆ ಮೊದಲೇ ಕೊಡುತ್ತಾರೆ. ಎರಡು ಮೂರು ತಾಸಿನ ಭೇಟಿ ಮೌನದಿಂದ ಶುರುವಾಗುತ್ತದೆ. ಬಂದವರು ಸಲಹೆ ಕೊಡುವಂತಿಲ್ಲ, ತಮ್ಮ ಕಥೆ ಹೇಳುವಂತಿಲ್ಲ, ಪ್ರಶ್ನೆ ಮಾತ್ರ ಕೇಳಬೇಕು, ಅದೂ ಉತ್ತರ ತಮಗೆ ಗೊತ್ತಿಲ್ಲದ ಪ್ರಶ್ನೆ. 'ನೀವು ವೈದ್ಯರ ಬಳಿ ಯಾಕೆ ಹೋಗಬಾರದು?' ಎಂಬುದು ಪ್ರಶ್ನೆಯ ರೂಪದ ಸಲಹೆ, ಅದು ಸಲ್ಲದು. 'ಇದನ್ನು ಹೇಳುವಾಗ ನಿಮ್ಮ ದನಿ ತಗ್ಗಿತಲ್ಲ, ಏನು ನೆನಪಾಯಿತು?' ಎಂಬುದು ಸಲ್ಲುತ್ತದೆ. ಅಲ್ಲಿ ಆಡಿದ ಮಾತು ಅಲ್ಲೇ ಉಳಿಯಬೇಕು.

ಮಾರ್ಗದರ್ಶನದ ಹೆಸರಿನಲ್ಲಿ ಮೋಸವೂ ನಡೆಯುತ್ತದೆ. ಪ್ರವಾದನೆಗೆ ದುಡ್ಡು ಕೇಳುವವರು, 'ಇಂಥವರನ್ನೇ ಮದುವೆಯಾಗು ಎಂದು ದೇವರು ನನಗೆ ಹೇಳಿದ' ಎನ್ನುವವರು, ಬೇರೆ ಯಾರ ಹತ್ತಿರವೂ ಇದನ್ನು ಹೇಳಬೇಡ ಎನ್ನುವವರು, ಔಷಧ ನಿಲ್ಲಿಸುವುದೇ ವಿಶ್ವಾಸ ಎನ್ನುವವರು ಕಂಡರೆ ಅಲ್ಲಿಂದ ಎದ್ದು ಬರಬೇಕು. ಗುಟ್ಟಾಗಿರಲಿ ಎಂಬ ಒತ್ತಾಯವೇ ಕೆಡುಕಿನ ಗುರುತು ಎಂದು ಇಗ್ನೇಷಿಯಸ್ ಒಂದು ನಿಯಮವನ್ನೇ ಬರೆದಿದ್ದಾನೆ.

## ಗುರುತು, ಚೀಟಿ, ದನಿ

ಇಸ್ರಾಯೇಲಿನ ನಾಯಕ ಗಿದ್ಯೋನನು ಕಣದಲ್ಲಿ ಕುರಿಯ ತುಪ್ಪಟ ಹರಡಿ ಇಬ್ಬನಿಯ ಗುರುತು ಕೇಳಿದ ಕಥೆ (ನ್ಯಾಯಸ್ಥಾಪಕರು 6) ನೆನೆದು, 'ನಾಳೆ ಫೋನ್ ಬಂದರೆ ಹೌದು, ಬರದಿದ್ದರೆ ಇಲ್ಲ' ಎಂದು ಷರತ್ತು ಹಾಕುವವರಿದ್ದಾರೆ. ದೇವರು ಏನು ಮಾಡಬೇಕೆಂದು ಗಿದ್ಯೋನನಿಗೆ ಅದಕ್ಕೆ ಮೊದಲೇ ಹೇಳಿಯಾಗಿತ್ತು. ಗುರುತು ಕೇಳಿದ್ದು ಅವನ ಅಳುಕು, ಎರಡನೇ ಸಲ ಕೇಳುವಾಗ ಸಿಟ್ಟಾಗಬೇಡ ಎಂದೂ ಅವನೇ ಬೇಡಿಕೊಳ್ಳುತ್ತಾನೆ. ಯೂದನ ಜಾಗಕ್ಕೆ ಚೀಟಿ ಹಾಕಿ ಮತ್ತೀಯನನ್ನು ಆರಿಸಿದ ಪ್ರಸಂಗ (ಅಪೊಸ್ತಲರ ಕೃತ್ಯಗಳು 1:26) ನಡೆದದ್ದು ಪವಿತ್ರಾತ್ಮ ಇಳಿದುಬರುವ ಮುನ್ನ. ಆಮೇಲೆ ಹೊಸ ಒಡಂಬಡಿಕೆಯಲ್ಲಿ ಯಾವ ತೀರ್ಮಾನಕ್ಕೂ ಶಿಷ್ಯರು ಚೀಟಿ ಹಾಕಿದ್ದು ಕಾಣುವುದಿಲ್ಲ.

ಕನಸು, ದರ್ಶನ, ಒಳದನಿ ಇರುವುದೇ ಇಲ್ಲ ಎಂದು ಪರಂಪರೆ ಹೇಳುವುದಿಲ್ಲ. ಪರೀಕ್ಷಿಸಿ ಎನ್ನುತ್ತದೆ (1 ಯೋಹಾನ 4:1). ಪರೀಕ್ಷೆಯ ಒರೆಗಲ್ಲು ಗಲಾತ್ಯ 5:22-23ರಲ್ಲಿ ಪೌಲ ಎಣಿಸುವ ಒಂಬತ್ತು ಗುಣಗಳ ಫಲ: ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಗಸ್ತಿಕೆ, ಸಾಧುತ್ವ, ಶಮೆದಮೆ (ಆತ್ಮಸಂಯಮ). ಯಾವ ದನಿ ಇವನ್ನು ಬೆಳೆಸುವುದಿಲ್ಲವೋ ಅದು ಎಷ್ಟೇ ಗಟ್ಟಿಯಾಗಿದ್ದರೂ ನಂಬಲು ಯೋಗ್ಯವಲ್ಲ.

## ಏನೂ ಕೇಳಿಸದಿದ್ದರೆ

ಮೌನವನ್ನು ಸೋಲು ಎಂದು ಓದಬೇಕಾಗಿಲ್ಲ. 1997ರಲ್ಲಿ ತೀರಿಕೊಂಡ ಮದರ್ ತೆರೇಸಾ ದಶಕಗಳ ಕಾಲ ಪ್ರಾರ್ಥನೆಯಲ್ಲಿ ಕತ್ತಲೆಯನ್ನೇ ಅನುಭವಿಸಿದರೆಂಬುದು 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ ಲೋಕಕ್ಕೆ ತಿಳಿಯಿತು. ಆ ಕಾಲದಲ್ಲೆಲ್ಲ ಅವರು ಮಾಡಿದ್ದು ಮೊದಲು ಒಪ್ಪಿಕೊಂಡ ಕೆಲಸವನ್ನೇ. ಹೊಸ ಮಾತು ಕೇಳಿಸದಿದ್ದಾಗ ಹಳೆಯ ಮಾತಿನಲ್ಲಿ ನಿಲ್ಲುವುದು ಎಂದರೆ ಇದು. ಗೆತ್ಸೆಮನೆ ತೋಟದಲ್ಲಿ ಯೇಸು ಅದೇ ಪ್ರಾರ್ಥನೆಯನ್ನು ಮೂರು ಸಲ ಮಾಡಿದನೆಂದು ಮತ್ತಾಯ ಬರೆಯುತ್ತಾನೆ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು ವಿಶ್ವಾಸದ ಕೊರತೆಯಲ್ಲ.

ಆದರೆ ಒಂದನ್ನು ಒತ್ತಿ ಹೇಳಬೇಕು. ಎರಡು ವಾರಕ್ಕೂ ಹೆಚ್ಚು ಕಾಲ ದಿನವಿಡೀ ಮನಸ್ಸು ಕುಸಿದಿದ್ದರೆ, ನಿದ್ದೆ ಹಸಿವು ಕೆಟ್ಟಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಅದು ಖಿನ್ನತೆ ಇರಬಹುದು, ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರೆ, ತನಗೋ ಇತರರಿಗೋ ಹಾನಿ ಮಾಡು ಎನ್ನುವ ದನಿ ಕೇಳಿಸಿದರೆ, ಅದೇ ದಿನ. ಪ್ರಾರ್ಥನೆಯೂ ಚಿಕಿತ್ಸೆಯೂ ಜೊತೆಯಾಗಿ ನಡೆಯುತ್ತವೆ. ಎಲೀಯನಿಗೆ ಮೊದಲು ಸಿಕ್ಕಿದ್ದು ರೊಟ್ಟಿ ಎಂಬುದನ್ನು ಮರೆಯಬಾರದು.

## ತೀರ್ಮಾನವಾದ ಮೇಲೆ

ಸರಿಯಾದ ದಾರಿ ಹಿಡಿದರೆ ಎಲ್ಲ ಸರಾಗ, ಕಷ್ಟ ಬಂದರೆ ದಾರಿ ತಪ್ಪಿದೆ ಎಂಬ ಲೆಕ್ಕಾಚಾರ ಬಹಳ ಜನರಲ್ಲಿದೆ. ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಆಗ ಆಸ್ಯ ಎಂದು ಕರೆಯುತ್ತಿದ್ದ ರೋಮನ್ ಸೀಮೆಯಲ್ಲಿ ಬೋಧಿಸಲು ಪೌಲನಿಗೆ ತಡೆಯಾಯಿತು. ಬಿಥೂನ್ಯ ಸೀಮೆಗೆ ಹೋಗಲು ಯತ್ನಿಸಿದ, ಅದೂ ತಡೆಯಾಯಿತು. ಎರಡು ಬಾಗಿಲು ಮುಚ್ಚಿದ ಮೇಲೆ ತ್ರೋವ ಎಂಬ ಬಂದರು ಊರಿನಲ್ಲಿ ಒಂದು ರಾತ್ರಿ ದರ್ಶನ: ಮಕೆದೋನ್ಯದ ಒಬ್ಬ ಪುರುಷ ನಿಂತು, ಬಂದು ನಮಗೆ ನೆರವಾಗು ಎಂದು ಕರೆಯುತ್ತಾನೆ. ಜೊತೆಗಾರರೆಲ್ಲ ಸೇರಿ ಅದರ ಅರ್ಥ ತೀರ್ಮಾನಿಸಿ ಸಮುದ್ರ ದಾಟಿ ಫಿಲಿಪ್ಪಿಗೆ ಬಂದರು.

ಅಲ್ಲಿ ಆ ಪುರುಷ ಕಾಣಲಿಲ್ಲ. ನದಿಯ ದಡದಲ್ಲಿ ಪ್ರಾರ್ಥನೆಗೆ ಸೇರಿದ್ದ ಹೆಂಗಸರು ಸಿಕ್ಕರು. ಅವರಲ್ಲಿ ಮಾತಿಗೆ ಕಿವಿಗೊಟ್ಟವಳು ಲುದ್ಯ, ನೇರಳೆ ಬಣ್ಣದ ಬಟ್ಟೆಯ ವ್ಯಾಪಾರಿ. ಅವಳ ಊರು ಥುವತೈರ, ಪೌಲನಿಗೆ ತಡೆಯಾಗಿದ್ದ ಅದೇ ಆಸ್ಯ ಸೀಮೆಯ ಪಟ್ಟಣ. ಮುಂದೆ ಅದೇ ಊರಿನಲ್ಲಿ ಪೌಲನಿಗೂ ಅವನ ಜೊತೆಗಾರ ಸೀಲನಿಗೂ ಛಡಿಯೇಟು ಬಿತ್ತು, ಒಳ ಸೆರೆಮನೆಗೆ ತಳ್ಳಿ ಕಾಲಿಗೆ ಕೋಳ ಬಿಗಿದರು. ನಡುರಾತ್ರಿಯ ಹೊತ್ತಿಗೆ ಅವರಿಬ್ಬರು ಪ್ರಾರ್ಥಿಸುತ್ತಾ ಹಾಡುತ್ತಿದ್ದರು, ಉಳಿದ ಸೆರೆಯಾಳುಗಳು ಕಿವಿಗೊಟ್ಟು ಕೇಳುತ್ತಿದ್ದರು.